ಸಂಘಕ್ಕೆ ಸೇರುವ ಹಕ್ಕು, ಸೇರದಿರುವ ಹಕ್ಕು: ಸದಸ್ಯತ್ವ, ಚಂದಾ, ಒಪ್ಪಂದ ಮೂರನ್ನೂ ಬಿಡಿಸಿ ನೋಡೋಣ

ಹಾಜರಿಪುಸ್ತಕ

ಯೂನಿಯನ್ ಮಾತು ಬಂದಾಗಲೆಲ್ಲ “ಬಲವಂತವಾಗಿ ಸೇರಿಸಬಹುದಾ, ಇಲ್ಲವಾ” ಅನ್ನುವ ಒಂದೇ ಪ್ರಶ್ನೆಗೆ ಎಲ್ಲರೂ ಗಂಟು ಬೀಳುತ್ತಾರೆ. ಅದರ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಸದಸ್ಯತ್ವ: ಸಂಘದ ಪುಸ್ತಕದಲ್ಲಿ ಹೆಸರು ಇರಲೇಬೇಕೇ? ಹಣ: ಹೆಸರಿಲ್ಲದಿದ್ದರೂ ಚಂದಾ ಕೊಡಬೇಕೇ? ಒಪ್ಪಂದ: ಹೆಸರೂ ಇಲ್ಲ, ಹಣವೂ ಕೊಟ್ಟಿಲ್ಲ, ಆದರೂ ಸಂಘ ಮಾಡಿಕೊಂಡ ಸೆಟಲ್‌ಮೆಂಟ್‌ಗೆ ಆ ಕಾರ್ಮಿಕ ಕಟ್ಟುಬಿದ್ದವನೇ?

ಒಂದೇ ದೇಶದ ಕಾನೂನು ಈ ಮೂರಕ್ಕೆ ಮೂರು ಬೇರೆ ಉತ್ತರ ಕೊಡಬಹುದು. ಜಗಳದ ಮುಕ್ಕಾಲು ಪಾಲು ಹುಟ್ಟುವುದು ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದರಿಂದ. ಕಾಯಿದೆ ಬಲ್ಲವರು, ಸಂಘದ ಲೆಕ್ಕ ನೋಡುವವರು, ಸಂಬಳದ ವಿಭಾಗದ ಕೆಲಸ ಗೊತ್ತಿರುವವರು ಬರೆಯಿರಿ. ಘೋಷಣೆ ಬೇಡ; ಕಲಂ, ಇಸವಿ, ಶೇಕಡಾವಾರು ಲೆಕ್ಕ ಬೇಕು.

ಕಲಂಓದುಗ

ಮೊದಲು ಪದಗಳ ಅರ್ಥ ಹೇಳಿಬಿಡುತ್ತೇನೆ, ಆಮೇಲೆ ಮಾತು ಸಲೀಸು.

ಕ್ಲೋಸ್ಡ್ ಶಾಪ್ ಎಂದರೆ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆಯೇ ಸಂಘದ ಸದಸ್ಯನಾಗಿರಬೇಕು. ಯೂನಿಯನ್ ಶಾಪ್‌ನಲ್ಲಿ ಯಾರನ್ನು ಬೇಕಾದರೂ ಕೆಲಸಕ್ಕೆ ತೆಗೆದುಕೊಳ್ಳಬಹುದು, ಇಂತಿಷ್ಟು ದಿನದೊಳಗೆ ಅವನು ಸೇರಬೇಕು. ಏಜೆನ್ಸಿ ಶಾಪ್‌ನಲ್ಲಿ ಸೇರಬೇಕಿಲ್ಲ, ಆದರೆ ಶುಲ್ಕ ಕಟ್ಟಬೇಕು. ಓಪನ್ ಶಾಪ್‌ನಲ್ಲಿ ಎರಡೂ ಇಲ್ಲ. ಇವುಗಳ ನಡುವೆ ಇನ್ನೊಂದು ಬಗೆಯೂ ಇತ್ತು: ಸೇರುವುದು ಇಷ್ಟದ ವಿಷಯ, ಸೇರಿದ ಮೇಲೆ ಒಪ್ಪಂದ ಮುಗಿಯುವ ತನಕ ಬಿಡುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧಕಾಲೀನ ಕಾರ್ಮಿಕ ಮಂಡಳಿ ಇದನ್ನು ಬಳಕೆಗೆ ತಂದು, ಬಿಡಬೇಕೆನ್ನುವವರಿಗೆ ಶುರುವಿನಲ್ಲೇ 15 ದಿನ ಅವಕಾಶ ಕೊಟ್ಟಿತು.

ಅಮೆರಿಕದಲ್ಲಿ 1935ರ ವ್ಯಾಗ್ನರ್ ಕಾಯಿದೆ ಕ್ಲೋಸ್ಡ್ ಶಾಪ್‌ಗೂ ಜಾಗ ಬಿಟ್ಟಿತ್ತು. 1947ರ ಟಾಫ್ಟ್–ಹಾರ್ಟ್ಲಿ ಕಾಯಿದೆ ಅದನ್ನು ನಿಷೇಧಿಸಿತು, ಯೂನಿಯನ್ ಶಾಪ್ ಉಳಿಸಿತು, ಹೊಸಬರಿಗೆ ಕನಿಷ್ಠ 30 ದಿನ ಕಾಲಾವಕಾಶ ಕೊಟ್ಟಿತು (ಕಟ್ಟಡ ನಿರ್ಮಾಣದಲ್ಲಿ 1959ರಿಂದ 7 ದಿನ). ಅದೇ ಕಾಯಿದೆ ವ್ಯಾಗ್ನರ್ ಕಾಯಿದೆಯ 7ನೇ ಕಲಮಿಗೆ ಸಂಘಟನೆಯಿಂದ ದೂರ ಉಳಿಯುವ ಹಕ್ಕನ್ನೂ ಸೇರಿಸಿತು. ಅದಕ್ಕೂ ಮೊದಲು ಆ ಕಲಮಿನಲ್ಲಿ ಸೇರುವ ಹಕ್ಕಷ್ಟೇ ಇತ್ತು.

ಎಡವುವ ಜಾಗ ಇಲ್ಲಿದೆ. 1963ರ ಜನರಲ್ ಮೋಟರ್ಸ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕೆಲಸದ ಷರತ್ತಾಗಿ ಹೇರಬಹುದಾದ ‘ಸದಸ್ಯತ್ವ’ ಎಂದರೆ ಹಣದ ಬಾಧ್ಯತೆ ಮಾತ್ರ ಎಂದಿತು. ಪ್ರಮಾಣ ಸ್ವೀಕರಿಸಬೇಕಿಲ್ಲ, ಸಭೆಗೆ ಹೋಗಬೇಕಿಲ್ಲ, ಸಂಘದ ಶಿಸ್ತಿಗೂ ಒಳಪಡಬೇಕಿಲ್ಲ. ಆದರೆ ಒಪ್ಪಂದದ ಕಾಗದದಲ್ಲಿ “ಎಲ್ಲ ನೌಕರರೂ ಸದಸ್ಯರಾಗಿರತಕ್ಕದ್ದು” ಎಂಬ ಸಾಲು ಹಾಗೇ ಉಳಿಯಿತು. ಸಾಲನ್ನು ಹಾಗೆ ಉಳಿಸಿಕೊಂಡರೆ ತಪ್ಪಿಲ್ಲ ಎಂದು 1998ರಲ್ಲಿ ಮಾರ್ಕೆಜ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಹಾಗಾಗಿ ಕಾಗದ ಓದಿದವನಿಗೆ ಸೇರಲೇಬೇಕು ಅನ್ನಿಸುತ್ತದೆ, ಕಾನೂನು ಓದಿದವನಿಗೆ ಬೇಕಿಲ್ಲ ಎಂದು ಗೊತ್ತಾಗುತ್ತದೆ. ಈ ಅಂತರವನ್ನು ಸಂಘಗಳೇ ಮುಂದೆ ಬಂದು ವಿವರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅರಿವಿಲ್ಲದೆ ಸೇರಿದ ಸದಸ್ಯ ಮುಷ್ಕರದ ದಿನ ಜೊತೆಗೆ ನಿಲ್ಲುವುದಿಲ್ಲ.

ಚಂದಾರಸೀದಿ

ಹಣದ ಪ್ರಶ್ನೆಗೆ ಬರುತ್ತೇನೆ, ಎಲ್ಲಕ್ಕಿಂತ ಗಟ್ಟಿ ವಾದ ಇರುವುದು ಅಲ್ಲೇ.

ಲೆಕ್ಕ ಸರಳ. 100 ಜನರ ಘಟಕ (ಒಂದೇ ಒಪ್ಪಂದದ ಕೆಳಗೆ ಬರುವ ಕಾರ್ಮಿಕರ ಗುಂಪು), ಮಾಲೀಕರ ಜೊತೆಗಿನ ಚೌಕಾಸಿ, ವಕೀಲರು, ವ್ಯಾಜ್ಯ, ಕಚೇರಿ ಎಲ್ಲ ಸೇರಿ ಖರ್ಚು 100 ಪಾಲು ಎಂದಿಟ್ಟುಕೊಳ್ಳಿ. ಎಲ್ಲರೂ ಕೊಟ್ಟರೆ ತಲೆಗೆ 1 ಪಾಲು. 40 ಜನ ಕೊಡದಿದ್ದರೆ ಉಳಿದ 60 ಜನರ ತಲೆಗೆ 1.67. ಇನ್ನೂ 10 ಜನ ಬಿಟ್ಟರೆ 2. ಸಂಬಳ ಏರಿಕೆ ಮಾತ್ರ 100 ಜನಕ್ಕೂ ಒಂದೇ. ಚಂದಾ ಏರಿದಷ್ಟೂ ಬಿಡುವವರು ಹೆಚ್ಚುತ್ತಾರೆ, ಬಿಟ್ಟಷ್ಟೂ ಚಂದಾ ಏರಬೇಕಾಗುತ್ತದೆ. ಬಿಡುವವರು ಕೆಟ್ಟವರು ಅಂತಲ್ಲ, ಲೆಕ್ಕವೇ ಅವರನ್ನು ಆಚೆಗೆ ತಳ್ಳುತ್ತದೆ.

ಇದಕ್ಕೆ ಸಿಕ್ಕ ಅತ್ಯಂತ ಚೊಕ್ಕ ಪರಿಹಾರ ಕೆನಡಾದ ರ‍್ಯಾಂಡ್ ಸೂತ್ರ. 1945ರಲ್ಲಿ ಒಂಟಾರಿಯೋದ ವಿಂಡ್ಸರ್‌ನ ಫೋರ್ಡ್ ಕಾರ್ಖಾನೆಯಲ್ಲಿ 99 ದಿನ ಮುಷ್ಕರ ನಡೆಯಿತು. ಪಂಚಾಯ್ತಿಗೆ ಕೂತ ನ್ಯಾಯಮೂರ್ತಿ ಐವನ್ ರ‍್ಯಾಂಡ್ 1946ರ ಜನವರಿಯಲ್ಲಿ ತೀರ್ಪು ಕೊಟ್ಟರು: ಯಾರನ್ನೂ ಸದಸ್ಯನಾಗು ಎಂದು ಬಲವಂತ ಮಾಡುವಂತಿಲ್ಲ, ಆದರೆ ಒಪ್ಪಂದದ ಫಲ ಉಣ್ಣುವ ಪ್ರತಿಯೊಬ್ಬರ ಸಂಬಳದಿಂದಲೂ ಚಂದಾ ಕಡಿತವಾಗಬೇಕು. ಪ್ರತಿಯಾಗಿ ಸಂಘದ ಮೇಲೂ ಹೊರೆ ಬಿತ್ತು. ಕಾನೂನುಬಾಹಿರ ಮುಷ್ಕರವನ್ನು ಸಂಘ ತಡೆಯದಿದ್ದರೆ ಆ ಕಡಿತವನ್ನೇ ಕೆಲವು ತಿಂಗಳು ನಿಲ್ಲಿಸುವ ದಂಡ ಇಟ್ಟರು. ಜನ ಮೊದಲ ಅರ್ಧ ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ, ಸೂತ್ರ ನಿಂತಿರುವುದು ಎರಡೂ ಕಾಲಿನ ಮೇಲೆ.

ದಕ್ಷಿಣ ಆಫ್ರಿಕಾದ 1995ರ ಕಾರ್ಮಿಕ ಸಂಬಂಧಗಳ ಕಾಯಿದೆ ಇದನ್ನು ಇನ್ನಷ್ಟು ಬಿಡಿಸಿ ಬರೆದಿದೆ. 25ನೇ ಕಲಂ ಪ್ರಕಾರ ಬಹುಮತದ ಸಂಘ ಏಜೆನ್ಸಿ ಶಾಪ್ ಒಪ್ಪಂದ ಮಾಡಿಕೊಳ್ಳಬಹುದು. ಸದಸ್ಯರಲ್ಲದವರಿಂದ ತೆಗೆದುಕೊಳ್ಳುವ ಶುಲ್ಕ ಸದಸ್ಯರ ಚಂದಾಕ್ಕಿಂತ ಹೆಚ್ಚಿರಬಾರದು. ಹಣ ಬೇರೆಯದೇ ಖಾತೆಗೆ ಹೋಗಬೇಕು. ಅದರಿಂದ ಯಾವ ರಾಜಕೀಯ ಪಕ್ಷಕ್ಕೂ, ಅಭ್ಯರ್ಥಿಗೂ ಕೊಡುವಂತಿಲ್ಲ. 26ನೇ ಕಲಮಿನ ಕ್ಲೋಸ್ಡ್ ಶಾಪ್‌ಗೆ ಮತದಾನ ನಡೆದು, ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಹೆಸರು ಕ್ಲೋಸ್ಡ್ ಶಾಪ್ ಆದರೂ ಅಲ್ಲಿ ಕೆಲಸಕ್ಕೆ ಸೇರುವ ಮುನ್ನವೇ ಸದಸ್ಯನಾಗಿರಬೇಕು ಎನ್ನುವಂತಿಲ್ಲ.

ಬೇರೆ ಖಾತೆ ಎಂಬ ಸಣ್ಣ ನಿಯಮವೇ ನನಗೆ ಮುಖ್ಯ. ಎಲ್ಲ ಹಣ ಒಂದೇ ಖಾತೆಯಲ್ಲಿ ಕಲೆತ ಮೇಲೆ ಯಾವುದು ಚೌಕಾಸಿಗೆ ಹೋಯಿತು, ಯಾವುದು ಪಕ್ಷದ ಸಮಾವೇಶಕ್ಕೆ ಹೋಯಿತು ಎಂದು ಯಾವ ಲೆಕ್ಕಪರಿಶೋಧಕರೂ ಬೇರ್ಪಡಿಸಲಾರರು.

ಮೂರನೇಪಾಳಿ

ಚಂದಾರಸೀದಿಯವರೇ, ಒಂದು ಅನುಮಾನ. ಅಮೆರಿಕದಲ್ಲಿ ‘ರೈಟ್ ಟು ವರ್ಕ್’ ರಾಜ್ಯಗಳು ಅಂತಾರಲ್ಲ, ಅಲ್ಲಿ ಯೂನಿಯನ್ನೇ ಇರುವಂತಿಲ್ಲವೇ? ಕಾರಣ ಹೇಳದೆ ಕೆಲಸದಿಂದ ತೆಗೆಯಬಹುದು ಅಂತಲೂ ಕೆಲವರು ಹೇಳ್ತಾರೆ.

ಚಂದಾರಸೀದಿ

ಎರಡೂ ಅಲ್ಲ. ಕಾರಣ ಹೇಳದೆ ತೆಗೆಯುವುದು ಬೇರೆಯದೇ ನಿಯಮ, ಅದು ಅಲ್ಲಿನ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದೆ. ‘ರೈಟ್ ಟು ವರ್ಕ್’ ಅಂದರೆ ಇಷ್ಟೇ: ಕೆಲಸದಲ್ಲಿ ಉಳಿಯಲು ಸಂಘಕ್ಕೆ ಹಣ ಕಟ್ಟಬೇಕು ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಯುವಂತಿಲ್ಲ. ಸಂಘ ಇರಬಹುದು, ಚೌಕಾಸಿ ಮಾಡಬಹುದು, ಸದಸ್ಯರಿಂದ ಚಂದಾ ಪಡೆಯಬಹುದು. ಟಾಫ್ಟ್–ಹಾರ್ಟ್ಲಿಯ 14(ಬಿ) ಕಲಂ ರಾಜ್ಯಗಳಿಗೆ ಈ ಅಧಿಕಾರ ಕೊಟ್ಟಿತು. ಈಗ 26 ರಾಜ್ಯಗಳಲ್ಲಿದೆ. ಇಂಡಿಯಾನಾ 1957ರಲ್ಲಿ ತಂದು, 1965ರಲ್ಲಿ ತೆಗೆದು, 2012ರಲ್ಲಿ ಮತ್ತೆ ತಂದಿತು. ಮಿಶಿಗನ್ 2012ರಲ್ಲಿ ತಂದ ಕಾಯಿದೆಯನ್ನು 2023ರಲ್ಲಿ ರದ್ದು ಮಾಡಿತು, ಅದು ಜಾರಿಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಮಿಸೌರಿಯಲ್ಲಿ ಶಾಸನಸಭೆ ಒಪ್ಪಿದ್ದನ್ನು 2018ರಲ್ಲಿ ಮತದಾರರು ತಿರಸ್ಕರಿಸಿದರು.

ಸರ್ಕಾರಿ ನೌಕರರ ಕಥೆ ಬೇರೆ. 1977ರ ಅಬೂಡ್ ತೀರ್ಪು ಶುಲ್ಕಕ್ಕೆ ಒಪ್ಪಿತ್ತು. 2018ರ ಜೂನ್ 27ರಂದು ಜೇನಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಅದನ್ನು ತಳ್ಳಿಹಾಕಿತು. ಅಂದಿನಿಂದ ನೌಕರ ತಾನೇ ಸ್ಪಷ್ಟವಾಗಿ ಒಪ್ಪಿಗೆ ಕೊಡದೆ ಸಂಬಳದಿಂದ ಒಂದು ಪೈಸೆಯನ್ನೂ ಕಡಿಯುವಂತಿಲ್ಲ.

ಕಲಂಓದುಗ

ಒಂದು ಸೇರ್ಪಡೆ: ರೈಲ್ವೆ ಮತ್ತು ವಿಮಾನ ಸಂಸ್ಥೆಗಳಿಗೆ 14(ಬಿ) ತಾಗುವುದಿಲ್ಲ. ಅವು ರೈಲ್ವೆ ಲೇಬರ್ ಕಾಯಿದೆಯ ಕೆಳಗೆ ಬರುತ್ತವೆ, 1951ರ ತಿದ್ದುಪಡಿಯಿಂದ ಅಲ್ಲಿ ಯೂನಿಯನ್ ಶಾಪ್ ಎಲ್ಲ ರಾಜ್ಯದಲ್ಲೂ ಸಿಂಧು. ರೈಟ್ ಟು ವರ್ಕ್ ರಾಜ್ಯದಲ್ಲಿ ನೆಲೆಸಿರುವ ವಿಮಾನ ಸಿಬ್ಬಂದಿ “ನಮಗೆ ಕಟ್ಟಬೇಕಿಲ್ಲ” ಅಂದುಕೊಂಡು ಬಾಕಿ ಬೀಳಿಸಿಕೊಳ್ಳುವುದು ಈ ಒಂದು ಗೊತ್ತಿಲ್ಲದ್ದರಿಂದ.

ಒಂಟಿದನಿ

ಇಲ್ಲಿಯವರೆಗೆ ಎಲ್ಲರೂ ಪುಕ್ಕಟೆ ಫಲ ಉಣ್ಣುವವರ ಬಗ್ಗೆ ಬರೆದಿದ್ದೀರಿ. ಇನ್ನೊಂದು ಕಡೆಯನ್ನೂ ಅಷ್ಟೇ ಗಂಭೀರವಾಗಿ ಇಡಬೇಕು.

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 23(4) ಸಂಘ ಕಟ್ಟುವ, ಸೇರುವ ಹಕ್ಕು ಕೊಟ್ಟರೆ, 20(2) ಯಾರನ್ನೂ ಸಂಘಕ್ಕೆ ಸೇರುವಂತೆ ಬಲವಂತ ಮಾಡಬಾರದು ಎನ್ನುತ್ತದೆ. ಬ್ರಿಟನ್ನಿನ ರೈಲ್ವೆಯಲ್ಲಿ 1975ರಲ್ಲಿ ಕ್ಲೋಸ್ಡ್ ಶಾಪ್ ಒಪ್ಪಂದ ಆಯಿತು. ಅದಕ್ಕೂ ಮುಂಚೆ ಕೆಲಸಕ್ಕೆ ಸೇರಿದ್ದ ಮೂವರು ಸಂಘ ಸೇರಲೊಪ್ಪದೆ ಕೆಲಸ ಕಳೆದುಕೊಂಡರು. 1981ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ನಿಂತಿತು. ಕೆಲಸಕ್ಕೆ ಸೇರಿದಾಗ ಇಲ್ಲದ ಷರತ್ತನ್ನು ಆಮೇಲೆ ಹೇರಿ, ಒಪ್ಪದವನ ಹೊಟ್ಟೆಪಾಡನ್ನೇ ಕಿತ್ತುಕೊಂಡರೆ ಅದು ಸಂಘ ಸ್ವಾತಂತ್ರ್ಯದ ತಿರುಳಿಗೇ ಪೆಟ್ಟು ಎಂಬುದು ತೀರ್ಪಿನ ಸಾರ. 2006ರ ಜನವರಿಯ ಡೆನ್ಮಾರ್ಕ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಷರತ್ತು ಮೊದಲೇ ಗೊತ್ತಿದ್ದು ಕೆಲಸಕ್ಕೆ ಸೇರಿದವನನ್ನೂ ಹಾಗೆ ಕಟ್ಟಿಹಾಕುವಂತಿಲ್ಲ ಎಂದಿತು. ಬ್ರಿಟನ್ 1988 ಮತ್ತು 1990ರ ಉದ್ಯೋಗ ಕಾಯಿದೆಗಳಿಂದ ಕ್ಲೋಸ್ಡ್ ಶಾಪ್‌ನ ಬಲವನ್ನು ಮುಗಿಸಿತು.

ಇನ್ನೂ ಆಳದ ಮಾತು ಬಹುಮತದ ಸಂಘವೇ ಎಲ್ಲರ ಪರ ಮಾತಾಡುವ ಪದ್ಧತಿಯದು. ಅಮೆರಿಕದಲ್ಲಿ ಬಹುಮತ ಪಡೆದ ಸಂಘ ಇಡೀ ಘಟಕದ ಏಕೈಕ ಪ್ರತಿನಿಧಿ. ಸದಸ್ಯನಲ್ಲದವನು ತನ್ನ ಸಂಬಳವನ್ನು ತಾನೇ ಮಾತಾಡಿಕೊಳ್ಳುವಂತಿಲ್ಲ. ಈ ಅಧಿಕಾರ ಎಷ್ಟು ಕೆಟ್ಟದಾಗಿ ಬಳಕೆಯಾಗಬಹುದು ಎಂಬುದಕ್ಕೆ ಸ್ಟೀಲ್ ಎಂಬ ರೈಲ್ವೆ ಕಾರ್ಮಿಕನ 1944ರ ಪ್ರಕರಣ ಸಾಕು. ಉಗಿ ಎಂಜಿನ್ನಿಗೆ ಬೆಂಕಿ ಹಾಕುವ ಕಪ್ಪು ಕಾರ್ಮಿಕರನ್ನು ಸಂಘ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಆದರೆ ಅವರ ಪ್ರತಿನಿಧಿಯಾಗಿ ಕೂತು ಅವರನ್ನೇ ಕೆಲಸದಿಂದ ಹೊರದೂಡುವ ಒಪ್ಪಂದಕ್ಕೆ ಸಹಿ ಹಾಕಿತು. ಆಗ ಸುಪ್ರೀಂ ಕೋರ್ಟ್ ‘ನ್ಯಾಯಯುತ ಪ್ರಾತಿನಿಧ್ಯದ ಕರ್ತವ್ಯ’ವನ್ನು ಹುಟ್ಟುಹಾಕಿತು: ಎಲ್ಲರ ಪರ ಮಾತಾಡುವ ಅಧಿಕಾರ ಬೇಕಾದರೆ ಎಲ್ಲರನ್ನೂ ಭೇದವಿಲ್ಲದೆ ನೋಡಬೇಕು.

ಆದ್ದರಿಂದ “ಫಲ ಉಣ್ಣುತ್ತಾನೆ, ಹಣ ಕೊಡಲಿ” ಎಂಬುದು ಅರ್ಧ ಸತ್ಯ. ಆ ಫಲ ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಿಲ್ಲ.

ಚಂದಾರಸೀದಿ

ಒಂಟಿದನಿಯವರೇ, ಕೊನೆಯ ಸಾಲನ್ನು ಒಪ್ಪುತ್ತೇನೆ. ಆದರೆ ಅದರ ತಾರ್ಕಿಕ ಕೊನೆ ಸದಸ್ಯರಿಗೆ ಮಾತ್ರ ಒಪ್ಪಂದ ಮಾಡುವುದು. ಜರ್ಮನಿಯಲ್ಲಿ ಕಾನೂನಿನ ಪ್ರಕಾರ ಸಾಮೂಹಿಕ ಒಪ್ಪಂದ ನೇರವಾಗಿ ಕಟ್ಟುವುದು ಸಂಘದ ಸದಸ್ಯರನ್ನೇ. ಉಳಿದವರಿಗೂ ಅದೇ ಸಂಬಳ ಕೊಡುವುದು ಮಾಲೀಕ, ಕೊಡದಿದ್ದರೆ ಅವರೂ ಸಂಘ ಸೇರುತ್ತಾರೆಂಬ ಲೆಕ್ಕದಿಂದ. ಸದಸ್ಯರಿಗೆ ಸ್ವಲ್ಪ ಹೆಚ್ಚಿನ ಸೌಲಭ್ಯ ಕೊಡಬಹುದು, ಅದು ಒತ್ತಾಯದ ಮಟ್ಟಕ್ಕೆ ಹೋಗದಿದ್ದರೆ ಸಾಕು ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2018ರ ನವೆಂಬರ್‌ನಲ್ಲಿ ಒಪ್ಪಿದೆ.

ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಬಲವಂತಕ್ಕಿಂತ ಆಕರ್ಷಣೆ ಕೆಲಸ ಮಾಡಿತು. ನಿರುದ್ಯೋಗ ವಿಮೆಯ ನಿಧಿಗಳನ್ನು ನೋಡಿಕೊಳ್ಳುವುದು ಸಂಘಗಳೇ. ಬೆಲ್ಜಿಯಂನ ಘೆಂಟ್ ಊರಿನಲ್ಲಿ 1901ರಲ್ಲಿ ಶುರುವಾದದ್ದರಿಂದ ಅದಕ್ಕೆ ಘೆಂಟ್ ಪದ್ಧತಿ ಎನ್ನುತ್ತಾರೆ. ಅದು ಎಷ್ಟು ಸೂಕ್ಷ್ಮ ನೋಡಿ: ಸ್ವೀಡನ್ನಿನಲ್ಲಿ 2007ರಲ್ಲಿ ನಿಧಿಯ ಶುಲ್ಕ ಏರಿಸಿದಾಗ, 2006ರಲ್ಲಿ ಶೇ 77 ಇದ್ದ ಸದಸ್ಯತ್ವ 2008ಕ್ಕೆ ಶೇ 71ಕ್ಕೆ ಇಳಿಯಿತು. ಯಾರೂ ಸಂಘವನ್ನು ದ್ವೇಷಿಸಲು ತೊಡಗಿರಲಿಲ್ಲ, ತಿಂಗಳ ಕಡಿತದ ಮೊತ್ತ ಬದಲಾಯಿತು ಅಷ್ಟೇ.

ಮೂರನೇಪಾಳಿ

ಬಿಡುವವರು ಏನು ಮಾಡಬೇಕು ಎನ್ನುವುದನ್ನು ಯಾರಾದರೂ ಹಂತ ಹಂತವಾಗಿ ಬರೆಯುವಿರಾ? ರಾಜೀನಾಮೆ ಕೊಟ್ಟ ಮೇಲೂ ಸಂಬಳದಲ್ಲಿ ಕಡಿತ ನಿಲ್ಲುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತದೆ.

ಮಸ್ಟರ್‌ರೋಲ್

ಅದಕ್ಕೆ ಕಾರಣ ಆ ಒಂದು ಹಾಳೆ. ಸದಸ್ಯತ್ವದ ಅರ್ಜಿಯೂ ಸಂಬಳದಿಂದ ಚಂದಾ ಕಡಿಯುವ ಒಪ್ಪಿಗೆಯೂ ಸಾಮಾನ್ಯವಾಗಿ ಒಂದೇ ಹಾಳೆಯಲ್ಲಿ ಅಚ್ಚಾಗಿರುತ್ತವೆ. ಮೇಲ್ಭಾಗದಲ್ಲಿ ಹೆಸರು, ವಿಭಾಗ, ಟೋಕನ್ ನಂಬರ್, ಒಂದು ಸಹಿ. ಕೆಳಭಾಗದಲ್ಲಿ ಸಣ್ಣ ಅಕ್ಷರದ ನಾಲ್ಕೈದು ಸಾಲು, ಇನ್ನೊಂದು ಸಹಿ. ಮೇಲಿನದು ಸಂಘಕ್ಕೆ ಬರೆದದ್ದು, ಕೆಳಗಿನದು ಮಾಲೀಕನಿಗೆ ಬರೆದದ್ದು. ಸಂಘಕ್ಕೆ ರಾಜೀನಾಮೆ ಕೊಟ್ಟರೆ ಮೇಲಿನದು ಮಾತ್ರ ರದ್ದಾಗುತ್ತದೆ. ಸಂಬಳದ ವಿಭಾಗದವರ ಕೈಯಲ್ಲಿರುವುದು ಕೆಳಗಿನದು, ಅವರು ಕಡಿಯುತ್ತಲೇ ಇರುತ್ತಾರೆ.

ಆದ್ದರಿಂದ ಪತ್ರ ಎರಡು ಬೇಕು. ಒಂದು ಸಂಘದ ಕಾರ್ಯದರ್ಶಿಗೆ: ಇಂಥ ದಿನದಿಂದ ಸದಸ್ಯತ್ವ ಬಿಡುತ್ತಿದ್ದೇನೆ. ಇನ್ನೊಂದು ಸಂಬಳದ ವಿಭಾಗಕ್ಕೆ: ಇಂಥ ದಿನಾಂಕದ ಕಡಿತದ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ. ಇದರ ಪ್ರತಿ ಸಂಘಕ್ಕೂ ಹೋಗಲಿ. ಎರಡಕ್ಕೂ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಕಾರಣ ಬರೆಯಬೇಕಿಲ್ಲ, ಬರೆದರೆ ಅದೇ ವಾದಕ್ಕೆ ದಾರಿ. ಮುಂದಿನ ಎರಡು ತಿಂಗಳ ಪೇ ಸ್ಲಿಪ್ ತೆಗೆದಿಟ್ಟುಕೊಳ್ಳಿ. ಸಂಬಳದ ಪಟ್ಟಿ ತಿಂಗಳ ನಡುವೆಯೇ ಮುಚ್ಚಿರುತ್ತದೆ, ಹಾಗಾಗಿ ಮೊದಲ ತಿಂಗಳ ಕಡಿತ ಬಹಳ ಸಲ ಉದ್ದೇಶಪೂರ್ವಕ ಅಲ್ಲ. ಎರಡನೇ ತಿಂಗಳೂ ಕಡಿದರೆ ಲಿಖಿತವಾಗಿ ಕೇಳಬೇಕು.

ಭಾರತದಲ್ಲಿ ಸಂಘದ ಚಂದಾವನ್ನು ಸಂಬಳದಿಂದ ಕಡಿಯಲು ನೌಕರನ ಲಿಖಿತ ಒಪ್ಪಿಗೆ ಬೇಕೇ ಬೇಕು. 1936ರ ವೇತನ ಪಾವತಿ ಕಾಯಿದೆಗೆ 1982ರಲ್ಲಿ ಸೇರಿದ 7(2)(ಕೆಕೆಕೆ) ಹೇಳಿದ್ದೂ ಅದೇ, 2019ರ ವೇತನ ಸಂಹಿತೆ ಹೇಳುವುದೂ ಅದೇ. ಅಮೆರಿಕದಲ್ಲಿ ಒಪ್ಪಿಗೆಯನ್ನು ಒಂದು ವರ್ಷ ಅಥವಾ ಒಪ್ಪಂದದ ಅವಧಿ, ಯಾವುದು ಮೊದಲೋ ಅಲ್ಲಿಯವರೆಗೆ ಹಿಂಪಡೆಯದಂತೆ ಕಟ್ಟಬಹುದು. ಆಮೇಲೆ ವರ್ಷಕ್ಕೊಮ್ಮೆ ಸಿಗುವ ಕೆಲವೇ ದಿನಗಳಲ್ಲಿ ಪತ್ರ ಕೊಡದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುವಂತೆ ಫಾರಂ ಬರೆದಿರುತ್ತಾರೆ. ಸಹಿ ಹಾಕಿದ ದಿನಾಂಕ ಗೊತ್ತಿಲ್ಲದವನಿಗೆ ಆ ದಿನಗಳು ಯಾವುವೆಂದು ತಿಳಿಯುವುದೇ ಇಲ್ಲ. ಫಾರಂನ ನಕಲು ಇಟ್ಟುಕೊಳ್ಳಿ ಎಂದು ಹೇಳುವುದು ಅದಕ್ಕೇ.

ಬಿಟ್ಟರೆ ಏನು ಕೈತಪ್ಪುತ್ತದೆ ಎಂಬುದನ್ನೂ ತಿಳಿದಿರಬೇಕು. ಪದಾಧಿಕಾರಿಗಳ ಚುನಾವಣೆಯ ಮತ, ಬೇಡಿಕೆ ಪಟ್ಟಿಯ ಚರ್ಚೆ, ಒಪ್ಪಂದ ಒಪ್ಪುವ ಮತ, ಮುಷ್ಕರ ನಿಧಿ, ಸಂಘದ ವಕೀಲರು. ಒಪ್ಪಂದ ಮಾತ್ರ ಬೆನ್ನು ಬಿಡುವುದಿಲ್ಲ.

ಕಲಂಓದುಗ

ಇನ್ನೆರಡು ಸಂಗತಿ ಸೇರಿಸುತ್ತೇನೆ. ಅಮೆರಿಕದಲ್ಲಿ ಮುಷ್ಕರದ ನಡುವೆಯೂ ರಾಜೀನಾಮೆ ಕೊಡಬಹುದು, ರಾಜೀನಾಮೆ ಕೊಟ್ಟು ಕೆಲಸಕ್ಕೆ ಮರಳಿದವನಿಗೆ ಸಂಘ ದಂಡ ಹಾಕುವಂತಿಲ್ಲ. ಇದು 1985ರ ಪ್ಯಾಟರ್ನ್ ಮೇಕರ್ಸ್ ತೀರ್ಪು. ಆದರೆ ಕ್ರಮ ಮುಖ್ಯ. ಮೊದಲು ರಾಜೀನಾಮೆ ಸಂಘಕ್ಕೆ ತಲುಪಬೇಕು, ಆಮೇಲೆ ಗೇಟು ದಾಟಬೇಕು. ಬೆಳಿಗ್ಗೆ ಗೇಟು ದಾಟಿ ಸಂಜೆ ಪತ್ರ ಕೊಟ್ಟವನ ಮೇಲೆ ಆ ಒಂದು ದಿನದ ದಂಡ ನಿಲ್ಲುತ್ತದೆ.

ಇನ್ನೊಂದು, 1988ರ ಬೆಕ್ ತೀರ್ಪು. ಯೂನಿಯನ್ ಶಾಪ್ ಇರುವ ಕಡೆ ಸದಸ್ಯನಲ್ಲದವನು ಆಕ್ಷೇಪಣೆ ಕೊಟ್ಟರೆ ಚೌಕಾಸಿ, ಒಪ್ಪಂದದ ಜಾರಿ, ದೂರುಗಳ ಇತ್ಯರ್ಥಕ್ಕೆ ತಗಲುವ ಪಾಲನ್ನಷ್ಟೇ ಕಟ್ಟಬೇಕು. ಉದಾಹರಣೆಗೆ ಆ ಪಾಲು ಖರ್ಚಿನ ಶೇ 80 ಎಂದು ಲೆಕ್ಕಪರಿಶೋಧನೆಯಲ್ಲಿ ಬಂದರೆ, ಚಂದಾದ ಶೇ 80. ಸದಸ್ಯನಾಗಿದ್ದುಕೊಂಡೇ ಈ ಆಕ್ಷೇಪಣೆ ಕೊಟ್ಟರೆ ಅದು ಬಿದ್ದುಹೋಗುತ್ತದೆ. ಮೊದಲು ಹೊರಗೆ ಬರಬೇಕು. ಕೆನಡಾದಲ್ಲಿ ಕೋರ್ಟ್ ಈ ಬಾಗಿಲನ್ನು ತೆರೆಯಲಿಲ್ಲ. ಚಂದಾವನ್ನು ರಾಜಕೀಯ ವಿಷಯಗಳಿಗೆ ಬಳಸಿದ್ದಕ್ಕೆ ಆಕ್ಷೇಪಿಸಿದ ಅಧ್ಯಾಪಕರ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1991ರ ಲವೀನ್ ಪ್ರಕರಣದಲ್ಲಿ ತಳ್ಳಿಹಾಕಿತು.

ಹಾಜರಿಪುಸ್ತಕ

ಭಾರತದ ಚಿತ್ರವನ್ನು ಪೂರ್ತಿಯಾಗಿ ಯಾರಾದರೂ ಕೊಡಿ. ಇಲ್ಲಿ ಸೇರು ಎಂದು ಬಲವಂತ ಮಾಡುವ ಕಾಯಿದೆಯಂತೂ ಇಲ್ಲ ಎಂದು ಗೊತ್ತು.

ಮಸ್ಟರ್‌ರೋಲ್

ಇಲ್ಲ, ಮತ್ತು ಅದು ಕಥೆಯ ಶುರು ಅಷ್ಟೇ.

ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಸೇರುವಂತೆ ಅಥವಾ ಸೇರದಂತೆ ಕಾರ್ಮಿಕರನ್ನು ಬಲವಂತಪಡಿಸುವುದು ಸಂಘದ ಕಡೆಯಿಂದ ಆದರೂ ಅನುಚಿತ ಕಾರ್ಮಿಕ ಪದ್ಧತಿ. ಕೈಗಾರಿಕಾ ವಿವಾದ ಕಾಯಿದೆಯ ಐದನೇ ಅನುಸೂಚಿಯಲ್ಲಿ ಮಾಲೀಕರ ಪಟ್ಟಿ ಬೇರೆ, ಸಂಘಗಳ ಪಟ್ಟಿ ಬೇರೆ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಅನುಸೂಚಿಯಲ್ಲೂ ಹಾಗೇ ಇದೆ. ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಿಂದ.

ಸಂಘ ನೋಂದಣಿಗೆ ಕನಿಷ್ಠ 7 ಜನ ಅರ್ಜಿ ಹಾಕಬೇಕು. ಜೊತೆಗೆ ಅಲ್ಲಿನ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 2,000 ಜನರ ಕಾರ್ಖಾನೆಯಲ್ಲಿ ಶೇ 10 ಎಂದರೆ 200, ಆದರೆ 100 ಸಾಕು. 300 ಜನರಿರುವಲ್ಲಿ 30. 50 ಜನರಿರುವಲ್ಲಿ ಶೇ 10 ಎಂದರೆ 5, ಆದರೂ 7 ಬೇಕು. ಸರಿಯಾಗಿ ಅಂಚಿನಲ್ಲಿ ನೋಂದಣಿ ಮಾಡಿಸಬೇಡಿ. ಇಬ್ಬರು ನಿವೃತ್ತರಾಗಿ ಮೂವರು ಬಿಟ್ಟರೆ ಸಂಖ್ಯೆ ಮಿತಿಗಿಂತ ಕೆಳಗಿಳಿದು ನೋಂದಣಿಗೇ ಕುತ್ತು ಬರುತ್ತದೆ.

ಈಗ ಆಯ್ಕೆಯ ಪ್ರಶ್ನೆ. ಹೊಸ ಸಂಹಿತೆಯ 14ನೇ ಕಲಂ ಪ್ರಕಾರ ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರಲ್ಲಿ ಶೇ 51 ಬೆಂಬಲ ಇರುವ ಸಂಘ ಏಕೈಕ ಚೌಕಾಸಿ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಚೌಕಾಸಿ ಮಂಡಳಿ: ಕನಿಷ್ಠ ಶೇ 20 ಬೆಂಬಲವಿರುವ ಸಂಘಗಳಿಗೆ ಮಾತ್ರ ಅದರಲ್ಲಿ ಜಾಗ, ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿ.

ಭಾಜಕ ಯಾವುದು ನೋಡಿ. ಸದಸ್ಯರ ಒಟ್ಟು ಸಂಖ್ಯೆಯೂ ಅಲ್ಲ, ಮತ ಹಾಕಿದವರ ಸಂಖ್ಯೆಯೂ ಅಲ್ಲ, ಮಸ್ಟರ್ ರೋಲ್‌ನಲ್ಲಿರುವ ಎಲ್ಲರೂ. 1,000 ಜನರಲ್ಲಿ ಒಂದು ಸಂಘಕ್ಕೆ 480, ಇನ್ನೊಂದಕ್ಕೆ 190, ಉಳಿದ 330 ಜನ ಯಾರ ಪರವೂ ಇಲ್ಲ ಎಂದುಕೊಳ್ಳಿ. ಮೊದಲ ಸಂಘಕ್ಕೆ ಏಕೈಕ ಸ್ಥಾನ ಇಲ್ಲ. ಶೇ 48ಕ್ಕೆ ಮಂಡಳಿಯಲ್ಲಿ ಜಾಗ ಸಿಗುತ್ತದೆ ಅಷ್ಟೇ. ಎರಡನೆಯದು ಶೇ 19, ಅದರ 190 ಜನರಿಗೆ ಮೇಜಿನ ಮುಂದೆ ಯಾರೂ ಇಲ್ಲ. “ನನಗೆ ಯಾವ ಸಂಘವೂ ಬೇಡ” ಎಂದು ಸುಮ್ಮನಿರುವವನು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ. ಅವನ ಮೌನ ಪ್ರತಿ ಸಂಘದ ಶೇಕಡಾವಾರನ್ನೂ ಕೆಳಗೆಳೆಯುತ್ತದೆ. ಸೇರದಿರುವ ಹಕ್ಕು ಅವನದೇ, ಆದರೆ ಅದಕ್ಕೆ ಪರಿಣಾಮವಿಲ್ಲ ಎಂದು ಯಾರೂ ಅವನಿಗೆ ಹೇಳಬಾರದು.

ಎಣಿಕೆಯ ಬಗ್ಗೆಯೂ ಒಂದು ಮಾತು. ಹಳೆಯ ಪದ್ಧತಿಯಲ್ಲಿ ಚಂದಾ ರಸೀದಿ, ಸದಸ್ಯತ್ವ ರಿಜಿಸ್ಟರ್ ನೋಡಿ ಬಲ ಅಳೆಯುತ್ತಿದ್ದರು. ಒಬ್ಬನೇ ಮೂರು ಸಂಘದ ರಸೀದಿ ಇಟ್ಟುಕೊಂಡಿರುತ್ತಿದ್ದ, ಯಾರನ್ನೂ ಬೇಸರಪಡಿಸದಿರಲು. ಒಟ್ಟು ಕೂಡಿದರೆ ಕಾರ್ಮಿಕರಿಗಿಂತ ಸದಸ್ಯರೇ ಜಾಸ್ತಿ! ಸಂಬಳದಿಂದ ಕಡಿತದ ಪದ್ಧತಿಯಲ್ಲಿ ಈ ದೋಷ ತಪ್ಪುತ್ತದೆ, ಆದರೆ ಯಾರು ಯಾವ ಸಂಘ ಎಂಬುದು ಮ್ಯಾನೇಜ್‌ಮೆಂಟಿಗೆ ಹೆಸರು ಸಮೇತ ತಿಳಿದುಬಿಡುತ್ತದೆ. ಗುಪ್ತ ಮತದಾನ ಎರಡನ್ನೂ ತಪ್ಪಿಸುತ್ತದೆ. ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಗುಪ್ತ ಮತದಾನ ನಡೆಸುವ ವಿಧಾನವನ್ನು ಹಂತ ಹಂತವಾಗಿ ವಿಧಿಸಿತು. ಮುಕ್ತ ಆಯ್ಕೆ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಇದನ್ನೇ ಎಂದು ನಾನು ನಂಬಿದ್ದೇನೆ.

ಕಲಂಓದುಗ

ಒಪ್ಪಂದದ ಪ್ರಶ್ನೆಗೆ ಭಾರತದ ಉತ್ತರವೂ ಇರಲಿ. ಹಳೆಯ ಕೈಗಾರಿಕಾ ವಿವಾದ ಕಾಯಿದೆಯ 18(1)ರಂತೆ ಮಾಲೀಕ ಮತ್ತು ಸಂಘ ತಾವೇ ಕೂತು ಮಾಡಿಕೊಂಡ ಸೆಟಲ್‌ಮೆಂಟ್ ಸಹಿ ಮಾಡಿದ ಪಕ್ಷಗಳನ್ನಷ್ಟೇ ಕಟ್ಟುತ್ತದೆ. 18(3)ರಂತೆ ಸರ್ಕಾರದ ಸಂಧಾನಾಧಿಕಾರಿಯ ಮುಂದೆ ಆದದ್ದು ಸದಸ್ಯರು, ಸದಸ್ಯರಲ್ಲದವರು, ನಾಳೆ ಸೇರುವವರು ಎಲ್ಲರನ್ನೂ ಕಟ್ಟುತ್ತದೆ. ಹೊಸ ಸಂಹಿತೆ ಈ ವ್ಯತ್ಯಾಸವನ್ನು ಉಳಿಸಿಕೊಂಡಿದೆ. ಸಣ್ಣ ಸಂಘದವರು “ನಾವು ಸಹಿ ಹಾಕಿಲ್ಲ” ಎನ್ನುವ ಮುನ್ನ ಸೆಟಲ್‌ಮೆಂಟಿನ ಮೊದಲ ಪುಟ ನೋಡಲಿ. ಸಂಧಾನದಲ್ಲಿ ಆದದ್ದೇ, ಖಾಸಗಿಯೇ ಎಂದು ಅಲ್ಲೇ ಗೊತ್ತಾಗುತ್ತದೆ.

ಹಣದ ವಿಷಯದಲ್ಲಿ ಕಡಿಮೆ ಜನಕ್ಕೆ ಗೊತ್ತಿರುವ ತೀರ್ಪು 1984ರ ಬಾಮರ್ ಲಾರಿ ಪ್ರಕರಣ. ಮುಂಬೈಯ ಆ ಸೆಟಲ್‌ಮೆಂಟಿನಲ್ಲಿ ಪ್ರತಿ ಕಾರ್ಮಿಕನ ಹಿಂಬಾಕಿಯಿಂದ ಶೇ 15 ಮಾನ್ಯತೆ ಪಡೆದ ಸಂಘದ ನಿಧಿಗೆ ಕಡಿಯುವ ಷರತ್ತಿತ್ತು. ಆ ಸಂಘದ ಸದಸ್ಯರಲ್ಲದವರು ಪ್ರಶ್ನಿಸಿದರು. ಸೆಟಲ್‌ಮೆಂಟ್ ಇಡಿಯಾಗಿ ಒಂದು ಗಂಟು, ಲಾಭ ಇಟ್ಟುಕೊಂಡು ಕಡಿತ ಮಾತ್ರ ಬೇಡ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಷರತ್ತನ್ನು ಎತ್ತಿಹಿಡಿಯಿತು. ಅಂದರೆ ಭಾರತದಲ್ಲಿ ಬಲವಂತದ ಸದಸ್ಯತ್ವ ಇಲ್ಲದಿದ್ದರೂ, ಸದಸ್ಯನಲ್ಲದವನ ಜೇಬಿನಿಂದ ಎಂದೂ ಹಣ ಹೋಗದು ಎನ್ನಲಾಗದು.

ರಾಜಕೀಯ ನಿಧಿಗೆ ಮಾತ್ರ, 2025ರಲ್ಲಿ ಹೊಸ ಸಂಹಿತೆ ಬರುವ ತನಕ ಇದ್ದ 1926ರ ಟ್ರೇಡ್ ಯೂನಿಯನ್ ಕಾಯಿದೆಯ 16ನೇ ಕಲಂ ಮೊದಲಿನಿಂದಲೂ ಗಟ್ಟಿ ಬೇಲಿ ಹಾಕಿತ್ತು. ನಿಧಿ ಪ್ರತ್ಯೇಕ, ಕೊಡು ಎಂದು ಸದಸ್ಯನನ್ನು ಬಲವಂತ ಮಾಡುವಂತಿರಲಿಲ್ಲ, ಆ ನಿಧಿಯ ಆಡಳಿತ ಒಂದನ್ನು ಬಿಟ್ಟು ಕೊಡದವನಿಗೆ ಸಂಘದೊಳಗೆ ಯಾವ ತೊಡಕನ್ನೂ ಒಡ್ಡುವಂತಿರಲಿಲ್ಲ.

ಒಂಟಿದನಿ

ಬಾಮರ್ ಲಾರಿ ತೀರ್ಪು ಈ ಮಾತುಕತೆಯಲ್ಲಿ ಬಂದದ್ದು ಒಳ್ಳೆಯದಾಯಿತು. ನನ್ನ ಆಕ್ಷೇಪ ಶೇ 15ಕ್ಕಿಂತ, ಅದು ಎಲ್ಲಿ ಖರ್ಚಾಯಿತೆಂದು ಸದಸ್ಯನಲ್ಲದವನಿಗೆ ಕೇಳುವ ದಾರಿ ಇಲ್ಲದ್ದಕ್ಕೆ. ದಕ್ಷಿಣ ಆಫ್ರಿಕಾದ ಪ್ರತ್ಯೇಕ ಖಾತೆಯ ನಿಯಮ ಇದ್ದಿದ್ದರೆ ನನ್ನ ಅರ್ಧ ವಾದ ಅಲ್ಲೇ ಮುಗಿಯುತ್ತಿತ್ತು.

ಗೇಟ್‌ಸಭೆ

ಎಲ್ಲರೂ ಸಂಘದ ಬಲವಂತದ ಬಗ್ಗೆ ಬರೆದಿರಿ. ಆಯ್ಕೆಯನ್ನು ಕಿತ್ತುಕೊಳ್ಳುವುದರಲ್ಲಿ ಇನ್ನೊಂದು ಕೈ ಇದೆ, ಅದು ಹೆಚ್ಚು ಉದ್ದದ್ದು.

ಅಮೆರಿಕದಲ್ಲಿ “ಸಂಘ ಸೇರುವುದಿಲ್ಲ” ಎಂದು ಬರೆಸಿಕೊಂಡು ಕೆಲಸ ಕೊಡುತ್ತಿದ್ದರು. ಅಂಥ ಕರಾರನ್ನು ತಡೆಯುವ ಕಾಯಿದೆಗಳನ್ನೇ 1908 ಮತ್ತು 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. 1932ರ ನಾರಿಸ್–ಲಾಗಾರ್ಡಿಯಾ ಕಾಯಿದೆ ಬಂದ ಮೇಲಷ್ಟೇ ಆ ಕರಾರು ಕಾಗದದ ಚೂರಾಯಿತು. ಭಾರತದಲ್ಲಿ 1918ರಲ್ಲಿ ಕಟ್ಟಿದ ಮದ್ರಾಸ್ ಲೇಬರ್ ಯೂನಿಯನ್ನಿನ ಮುಖಂಡ ಬಿ. ಪಿ. ವಾಡಿಯಾ ಅವರ ಮೇಲೆ, ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಲಾಕೌಟಿನ ಹಿನ್ನೆಲೆಯಲ್ಲಿ ಮದ್ರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸಂಘಕ್ಕೆ ಕಾನೂನಿನ ರಕ್ಷಣೆ ಬೇಕೆಂಬ ಒತ್ತಾಯ ಅಲ್ಲಿಂದ ಬಲಗೊಂಡು 1926ರ ಕಾಯಿದೆ ಹುಟ್ಟಿತು.

ಇನ್ನೊಂದು ವಿಧಾನ ಮಾಲೀಕರೇ ಸಾಕಿದ ಸಂಘ. ಮೆಕ್ಸಿಕೋದಲ್ಲಿ ಕಾರ್ಮಿಕರಿಗೆ ಗೊತ್ತೇ ಇಲ್ಲದ ಸಂಘಗಳೊಂದಿಗೆ ಒಪ್ಪಂದಗಳಿರುತ್ತಿದ್ದವು, ಕಾರ್ಖಾನೆ ತೆರೆಯುವ ಮುಂಚೆಯೇ ಸಹಿ ಆದವೂ ಇದ್ದವು. ಸಂಘದಿಂದ ಹೊರಹಾಕಿದವನನ್ನು ಕೆಲಸದಿಂದಲೂ ತೆಗೆಯಬೇಕೆಂಬ ಷರತ್ತನ್ನು ಅಲ್ಲಿನ ಸುಪ್ರೀಂ ಕೋರ್ಟ್ 2001ರಲ್ಲಿ ಅಸಾಂವಿಧಾನಿಕ ಎಂದಿತು. 2019ರ ಸುಧಾರಣೆ ಎಲ್ಲ ಹಳೆಯ ಒಪ್ಪಂದಗಳನ್ನೂ ಕಾರ್ಮಿಕರ ಗುಪ್ತ ಮತಕ್ಕೆ ಹಾಕಬೇಕೆಂದು 2023ರ ಮೇ 1ರ ಗಡುವು ಕೊಟ್ಟಿತು. ಮತಕ್ಕೆ ಬಾರದ ಒಪ್ಪಂದಗಳು ಬಿದ್ದುಹೋದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 98ನೇ ಒಡಂಬಡಿಕೆಯ 2ನೇ ವಿಧಿ ತಡೆಯುವುದು ಇಂಥ ಸಾಕಿದ ಸಂಘಗಳನ್ನೇ. ಭಾರತವೂ ಅಮೆರಿಕವೂ 87 ಮತ್ತು 98ನೇ ಒಡಂಬಡಿಕೆಗಳನ್ನು ಅನುಮೋದಿಸಿಲ್ಲ.

ಕಿರುಕುಳ ಸಾಬೀತಾಗುವುದು ದಿನಾಂಕಗಳ ಸಾಲಿನಿಂದ. ಸಂಘಕ್ಕೆ ಸೇರಿದ್ದು ಮ್ಯಾನೇಜ್‌ಮೆಂಟಿಗೆ ಯಾವ ದಿನ ತಿಳಿಯಿತು, ವರ್ಗಾವಣೆ ಆದೇಶ ಯಾವ ದಿನ ಬಂತು, ಅದೇ ತಪ್ಪಿಗೆ ಸದಸ್ಯನಲ್ಲದವನಿಗೆ ಏನಾಯಿತು. ಈ ಮೂರು ಕಾಗದದಲ್ಲಿದ್ದರೆ ಅರ್ಧ ದಾರಿ ಕಳೆದಂತೆ. ಬಾಯಿಮಾತಿನ ಬೆದರಿಕೆಯನ್ನು ಅಂದೇ ಬರೆದಿಡಿ: ಸಮಯ, ಜಾಗ, ಪಕ್ಕದಲ್ಲಿದ್ದವರು. ತಿಂಗಳ ನಂತರ ನೆನಪಿನಿಂದ ಬರೆದದ್ದು ವಿಚಾರಣೆಯಲ್ಲಿ ಸವಾಲಿಗೆ ನಿಲ್ಲುವುದಿಲ್ಲ.

ಮೂರನೇಪಾಳಿ

ಕೊನೆಗೊಂದು: ಸಂಘ ಇರಲಿ, ಕಡ್ಡಾಯ ಶುಲ್ಕ ಮಾತ್ರ ಬೇಡ ಎನ್ನುವವರಿಗೆ ಅಮೆರಿಕದಲ್ಲಿ ದಾರಿ ಇದೆಯೇ?

ಕಲಂಓದುಗ

ಇದೆ. ಸಂಘದ ಪ್ರಾತಿನಿಧ್ಯವನ್ನೇ ತೆಗೆಯುವ ಅರ್ಜಿ ಬೇರೆ, ಶುಲ್ಕದ ಅಧಿಕಾರವನ್ನಷ್ಟೇ ತೆಗೆಯುವ ಅರ್ಜಿ ಬೇರೆ. ಎರಡಕ್ಕೂ ಘಟಕದ ಶೇ 30 ಜನರ ಸಹಿ ಬೇಕು. ಮೊದಲನೆಯದನ್ನು ಒಪ್ಪಂದ ಜಾರಿಯಲ್ಲಿರುವಾಗ ಮೂರು ವರ್ಷದವರೆಗೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅವಧಿ ಮುಗಿಯಲು 90ರಿಂದ 60 ದಿನ ಇರುವಾಗ ಮಾತ್ರ (ಆರೋಗ್ಯ ಸಂಸ್ಥೆಗಳಲ್ಲಿ 120ರಿಂದ 90). ಅಲ್ಲಿ ಚಲಾವಣೆಯಾದ ಮತಗಳ ಬಹುಮತ ಸಾಕು. ಎರಡನೆಯದನ್ನು ಒಪ್ಪಂದದ ನಡುವೆಯೂ ಹಾಕಬಹುದು, ಆದರೆ ಗೆಲ್ಲಲು ಮತ ಹಾಕಿದವರದ್ದಲ್ಲ, ಘಟಕದ ಅರ್ಹ ಮತದಾರರೆಲ್ಲರ ಬಹುಮತ ಬೇಕು. 100 ಜನರಲ್ಲಿ 60 ಜನ ಬಂದು 45 ಜನ ಬೇಡವೆಂದರೂ ಅರ್ಜಿ ಸೋಲುತ್ತದೆ, 51 ಬೇಕಿತ್ತು.

ಸಹಿ ಸಂಗ್ರಹದಲ್ಲಿ ಮಾಲೀಕರ ಕೈ ಸೇರಿದರೆ, ಅಂದರೆ ಸೂಪರ್‌ವೈಸರ್ ಹಾಳೆ ಹಂಚಿದ, ಅವನ ಕೋಣೆಯಲ್ಲಿ ಸಹಿ ಹಾಕಿಸಿದ ಎಂದು ರುಜುವಾತಾದರೆ, ಅರ್ಜಿಯೇ ವಜಾ ಆಗಬಹುದು. ಸಹಿಗಳನ್ನು ಊಟದ ಬಿಡುವಿನಲ್ಲಿ, ಕೆಲಸದ ಜಾಗದ ಹೊರಗೆ, ಕಾರ್ಮಿಕರೇ ಸಂಗ್ರಹಿಸಬೇಕು. ಪ್ರತಿ ಸಹಿಯ ಪಕ್ಕ ದಿನಾಂಕ ಇರಲೇಬೇಕು. ದಿನಾಂಕವಿಲ್ಲದ ಸಹಿಯನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.